ಆಚಂದ್ರಾರ್ಕ, ಹೆಚ್ಚೆಂದರೆ ಹತ್ತು ವರ್ಷ

ದೇವಸ್ಥಾನದ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ಬರೆಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಫ್ಯಾನು ತಿರುಗಿದರೆ ಗಾಳಿ, ನಿಂತರೆ ಹೆಸರು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋದಷ್ಟೂ ದಾನಿಗೆ ಕೀರ್ತಿ. ಇದನ್ನು ನೋಡಿ ನಗುವ ಹಕ್ಕು ಹಾಸನ ಜಿಲ್ಲೆಯವರಾದ ನಮಗಂತೂ ಇಲ್ಲ. ಹೆಸರನ್ನು ಎಲ್ಲಾದರೂ ಬರೆಸಿಡಬೇಕೆಂಬ ಚಟ ಇಲ್ಲಿ ಸಾವಿರದೈನೂರು ವರ್ಷದಷ್ಟು ಹಳೆಯದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನ ಸುಮಾರು ಕ್ರಿ.ಶ. 450ರದು. ಕನ್ನಡದ ಮೊದಲ ಶಾಸನ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ಏನಿದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಇರುವುದು ಇಷ್ಟೇ: ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಎರಡು ಊರು ಬಿಟ್ಟುಕೊಟ್ಟಿದ್ದಾರೆ, ಅದನ್ನು ಕದ್ದವರಿಗೆ ಮಹಾಪಾತಕ ಸುತ್ತಿಕೊಳ್ಳುತ್ತದೆ. ಅಂದರೆ ನಮ್ಮ ಭಾಷೆ ಕಲ್ಲಿನ ಮೇಲೆ ಬಾಯಿಬಿಟ್ಟದ್ದೇ ಆಸ್ತಿ ಪತ್ರವಾಗಿ, ಅದೂ ಶಾಪದ ಸಮೇತ.

ಮುಂದೆ ಹೊಯ್ಸಳರ ಕಾಲಕ್ಕೆ ಬರುವಷ್ಟರಲ್ಲಿ ಒಕ್ಕಣೆ ಇನ್ನೂ ಬಿಗಿಯಾಯಿತು. ದಾನ ಸೂರ್ಯಚಂದ್ರರು ಇರುವವರೆಗೆ. ಗಡಿ ಇಂಥ ಹುಣಸೆಮರದಿಂದ ಇಂಥ ಹಳ್ಳದವರೆಗೆ. ಸಾಕ್ಷಿ ಇಂಥವರು. ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅರವತ್ತು ಸಾವಿರ ಎಂದು ನಿಖರವಾಗಿ ಹೇಳಿದ್ದು ನನಗೆ ಬಹಳ ಹಿಡಿಸಿದೆ. ಅಲ್ಲಿಗೆ ಸೆರೆವಾಸ ಮುಗಿಯಿತು, ಹುಳು ಬಿಡುಗಡೆ.

ಈ ಪುರಾಣವೆಲ್ಲ ಈಗ ನೆನಪಾಗುವುದು ನನ್ನ ಸೋದರಳಿಯನ ದೆಸೆಯಿಂದ. ಬೆಂಗಳೂರಿನಲ್ಲಿ ಯಾವುದೋ ಕಂಪನಿಯ ಕೆಲಸ ಮಾಡುತ್ತಾನೆ, ಶನಿವಾರ ಬಂತೆಂದರೆ ರೈಲು ಹತ್ತಿ ಅರಸೀಕೆರೆಗೆ ಬರುತ್ತಾನೆ. ಬಂದವನು ಅಕ್ಕನ ಮನೆಯ ಬದಲು ನಮ್ಮ ಮನೆಯಲ್ಲೇ ತಂಗುವುದಕ್ಕೆ ಪ್ರೀತಿ ಕಾರಣ ಎಂದು ನಾವು ತಿಳಿದಿದ್ದೆವು. ನಮ್ಮ ಮನೆಯ ಇಂಟರ್ನೆಟ್ ಚೆನ್ನಾಗಿದೆಯಂತೆ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಜಗಲಿಯಲ್ಲಿ ಕೂತರೆ ಕಾಯುವುದೇ ಕೆಲಸ. ಏನು ಕಾಯುತ್ತೀಯೋ ಎಂದರೆ, "ಹೆಸರು ಬೀಳೋದನ್ನ, ಮಾವ" ಎಂದ.

ಇಂಟರ್ನೆಟ್ಟಿನಲ್ಲಿ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ಯಾರೂ ಕೊಳ್ಳುವುದಿಲ್ಲ, ಬಾಡಿಗೆಗೆ ಹಿಡಿಯುತ್ತಾರೆ. ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು. ವಿಷ್ಣುವರ್ಧನನೇ ಎದ್ದು ಬಂದು ಹೊನ್ನಿನ ರಾಶಿ ಸುರಿದರೂ ಹನ್ನೊಂದನೆಯ ವರ್ಷ ಕೊಡುವುದಿಲ್ಲ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಈ ಬಾಡಿಗೆ ಕಟ್ಟಲು ಎಷ್ಟೋ ಜನ ಮರೆಯುತ್ತಾರೆ. ಮರೆತ ಹೆಸರು ತಕ್ಷಣ ಬೀದಿಗೆ ಬೀಳುವುದಿಲ್ಲ. ಡಾಟ್ ಕಾಮ್‌ನಂಥ ಹೆಸರಾದರೆ ಅವಧಿ ಮುಗಿದ ಮೇಲೂ ಹೆಚ್ಚೆಂದರೆ ನಲವತ್ತೈದು ದಿನ ಅದನ್ನು ಬಾಡಿಗೆಗೆ ಕೊಟ್ಟ ರಿಜಿಸ್ಟ್ರಾರ್ ಕಂಪನಿಯ ಹತ್ತಿರ ಕೂತಿರುತ್ತದೆ, ಮಾಮೂಲಿ ಹಣ ಕಟ್ಟಿ ಬಿಡಿಸಿಕೊಳ್ಳಬಹುದು. ಆಮೇಲೆ ರಿಡೆಂಪ್ಷನ್ ಎಂಬ ಮೂವತ್ತು ದಿನ. ಆಗಲೂ ಹಳೆಯ ಯಜಮಾನನಿಗೇ ಹಕ್ಕು, ಆದರೆ ದಂಡ ತೆರಬೇಕು. ಕೊನೆಗೆ ಪೆಂಡಿಂಗ್ ಡಿಲೀಟ್ ಎಂಬ ಐದು ದಿನ. ಆ ಐದು ದಿನ ಯಜಮಾನ ಕೋಟಿ ಕೊಟ್ಟರೂ ಆಗುವುದಿಲ್ಲ, ಕಳ್ಳ ಕೋಟಿ ಕೊಟ್ಟರೂ ಆಗುವುದಿಲ್ಲ. ಐದು ದಿನ ಕಳೆದ ಮೇಲೆ ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಆ ದಿನದ ಹೆಸರುಗಳೆಲ್ಲ ಉದುರತೊಡಗುತ್ತವೆ. ಅಲ್ಲಿಯವರು ಗಡಿಯಾರವನ್ನು ಹಿಂದೆ ಮುಂದೆ ಮಾಡುವುದರಿಂದ ನಮಗದು ಬೇಸಿಗೆಯಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಜಗಲಿಯ ಜಾಗರಣೆಗೆ ಇದು ಕಾರಣ.

"ಬಿದ್ದ ತಕ್ಷಣ ಹಿಡ್ಕೊಳ್ತೀಯಾ?" ಎಂದು ಕೇಳಿದೆ.

"ನಾನೆಲ್ಲಿ ಹಿಡೀಲಿ ಮಾವ? ಕೈಯಲ್ಲಿ ಟೈಪ್ ಮಾಡೋಷ್ಟರಲ್ಲಿ ಮುಗಿದಿರುತ್ತೆ" ಎಂದು ನಕ್ಕ. ಒಳ್ಳೆಯ ಹೆಸರಾದರೆ ಸೆಕೆಂಡಿನ ಸಣ್ಣ ಚೂರಿನಲ್ಲಿ ಹೋಗಿಬಿಡುತ್ತದಂತೆ. ಹಾಗೆ ಹಿಡಿಯುವುದಕ್ಕೆಂದೇ ಸ್ನ್ಯಾಪ್‌ನೇಮ್ಸ್, ಡ್ರಾಪ್‌ಕ್ಯಾಚ್ ಮುಂತಾದ ಕಂಪನಿಗಳಿವೆ, ಅವುಗಳ ಯಂತ್ರಗಳು ಬಾಗಿಲು ಬಡಿಯುತ್ತಲೇ ಇರುತ್ತವೆ. ಮೊದಲೇ ಅವರಲ್ಲಿ ಹೆಸರು ಹೇಳಿಡುವುದಕ್ಕೆ ಬ್ಯಾಕ್‌ಆರ್ಡರ್ ಎನ್ನುತ್ತಾರೆ. ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸು ನಿಲ್ಲುವುದಕ್ಕೆ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆಯುವುದು, ಅಷ್ಟೆ. ಒಂದೇ ಸೀಟಿಗೆ ಎರಡು ಟವೆಲ್ ಬಿದ್ದರೆ ನಮ್ಮಲ್ಲಿ ಜಗಳ, ಅವರಲ್ಲಿ ಹರಾಜು. ಇನ್ನೂ ಬೆಲೆ ಬಾಳುವ ಹೆಸರುಗಳನ್ನು ರಿಜಿಸ್ಟ್ರಾರ್ ಕಂಪನಿಗಳು ಕೆಳಗೆ ಬೀಳುವುದಕ್ಕೇ ಬಿಡುವುದಿಲ್ಲ, ಮೊದಲ ಗಡುವಿನೊಳಗೇ ತಾವೇ ಹರಾಜಿಗೆ ಇಡುತ್ತವೆ. ಕಂಡಕ್ಟರೇ ಟವೆಲ್ ಹಾಕಿದ ಮೇಲೆ ಯಾರನ್ನು ಕೇಳುವುದು?

ನನ್ನ ಹೆಂಡತಿಗೆ ಇದೆಲ್ಲ ಸರಿಬರಲಿಲ್ಲ. "ಬೇರೆಯವರು ಮರೆಯೋದನ್ನೇ ಕಾಯ್ಕೊಂಡು ಕೂರೋದೂ ಒಂದು ಕೆಲಸಾನೇನೋ?" ಎಂದಳು. ಅವಳು ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಯಾರ್ಯಾರ ಮನೆಯ ವೈದಿಕ ಎಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಡುವವಳು. ಮರೆವನ್ನು ಅವಳು ಕಾಯಿಲೆ ಎಂದು ಒಪ್ಪುವುದಿಲ್ಲ, ಸೋಮಾರಿತನ ಎನ್ನುತ್ತಾಳೆ. ಅದರ ಮೇಲೆ ಲಾಭ ಮಾಡುವುದು ಅವಳಿಗೆ ಇನ್ನೊಂದು ಹೆಜ್ಜೆ ಕೆಳಗಿನ ಸೋಮಾರಿತನ.

ಅಳಿಯ ತನ್ನ ಪರವಾಗಿ ದೊಡ್ಡವರನ್ನೇ ಸಾಕ್ಷಿಗೆ ಕರೆದ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನವರೇ ಪಾಸ್‌ಪೋರ್ಟ್ ಡಾಟ್ ಕಾಮ್‌ನ ಬಾಡಿಗೆ ಕಟ್ಟಲು ಮರೆತಿದ್ದರು. ಹಾಟ್‌ಮೇಲಿಗೆ ಹೋಗುವವರು ಆ ಬಾಗಿಲನ್ನೇ ದಾಟಬೇಕಾಗಿದ್ದರಿಂದ ಲೋಕದ ಪತ್ರಗಳೆಲ್ಲ ಬಾಗಿಲಲ್ಲೇ ನಿಂತವು. ಮೈಕೆಲ್ ಚೇನಿ ಎಂಬ ಲಿನಕ್ಸ್ ಪ್ರೋಗ್ರಾಮರು ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಬಿಲ್ ಗೇಟ್ಸ್ ಅವರ ಬಾಕಿ ತೀರಿಸಿದರು. 2015ರ ಸೆಪ್ಟೆಂಬರಿನಲ್ಲಿ ಕಛ್‌ನ ಸನ್ಮಯ್ ವೇದ್ ಅವರಿಗೆ ಗೂಗಲ್ ಡಾಟ್ ಕಾಮ್ ಎಂಬ ಹೆಸರೇ 12 ಡಾಲರಿಗೆ ಮಾರಾಟಕ್ಕಿರುವಂತೆ ಕಂಡಿತು, ಕೊಂಡರು, ಒಂದು ನಿಮಿಷ ಅದರ ಯಜಮಾನರೂ ಆಗಿದ್ದರು. ಅದು ಮರೆವಲ್ಲ, ಗೂಗಲ್‌ನದೇ ಅಂಗಡಿಯ ಎಡವಟ್ಟು. ಕಂಪನಿ ಬಹುಮಾನವಾಗಿ 6,006.13 ಡಾಲರ್ ಕೊಟ್ಟಿತು. ಆ ಅಂಕಿಗಳನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಇಂಗ್ಲಿಷಿನ ಗೂಗಲ್ ಎಂಬ ಅಕ್ಷರಗಳೇ ಕಾಣುತ್ತವೆ. ಅವರು ಆ ಹಣ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಸಂಸ್ಥೆಗೆ ಹೋಗಲಿ ಎಂದರು, ಕಂಪನಿ ಅದನ್ನು ದುಪ್ಪಟ್ಟು ಮಾಡಿತು. ಇದನ್ನು ಕೇಳಿ ಹೆಂಡತಿ ಸ್ವಲ್ಪ ಮೆತ್ತಗಾದಳು. ದಾನ ಎಂಬುದು ಎಲ್ಲಿ ಬಂದರೂ ಅವಳು ಮೆತ್ತಗಾಗುತ್ತಾಳೆ.

ಅಳಿಯನ ಹತ್ತಿರ ಒಂದು ಪಟ್ಟಿ ಇದೆ, ಅದಕ್ಕೆ ವಾಚ್‌ಲಿಸ್ಟ್ ಎಂದು ಹೆಸರು. ತಾನು ಕಣ್ಣಿಟ್ಟಿರುವ ಹೆಸರುಗಳನ್ನು ಅದರಲ್ಲಿ ಬರೆದಿದ್ದಾನೆ, ಎದುರಿಗೆ ಅವಧಿ ಮುಗಿಯುವ ತಾರೀಖು. ಈ ತಾರೀಖು ಗುಟ್ಟಿನದಲ್ಲ. ಹೂಇಸ್ ಎಂಬ ಕಡತದಲ್ಲಿ ಲೋಕದ ಯಾರು ಬೇಕಾದರೂ ನೋಡಬಹುದಾಗಿತ್ತು. 2025ರ ಜನವರಿಯಿಂದ ಡಾಟ್ ಕಾಮ್‌ನಂಥವುಗಳಿಗೆ ಅದರ ಜಾಗದಲ್ಲಿ ಆರ್‌ಡ್ಯಾಪ್ ಎಂಬ ಹೊಸ ಕಡತ ಬಂದಿದೆ. ಮೊದಲು ಯಜಮಾನನ ಹೆಸರು, ಮನೆ ವಿಳಾಸ, ಫೋನು ಎಲ್ಲ ಬಯಲಾಗಿರುತ್ತಿದ್ದವು. 2018ರಲ್ಲಿ ಯುರೋಪಿನವರು ಖಾಸಗಿತನದ ಕಾನೂನು ಜಾರಿಗೆ ತಂದ ಮೇಲೆ ಯಜಮಾನ ಮರೆಗೆ ಸರಿದ. ತಾರೀಖು ಮಾತ್ರ ಹಾಗೇ ಉಳಿಯಿತು. ಈ ಮನೆಯಲ್ಲಿ ಯಾರಿದ್ದಾರೆಂದು ಹೇಳುವುದಿಲ್ಲ, ಬೀಗ ಯಾವಾಗ ತೆಗೆಯುತ್ತದೆಂದು ಹೇಳುತ್ತೇವೆ. ಒಳ್ಳೆಯ ಕಾನೂನು.

ಪಟ್ಟಿಯಲ್ಲಿ ನಮ್ಮ ಸೀಮೆಯ ಹೆಸರುಗಳೇ ಹೆಚ್ಚು. ಅದಕ್ಕೂ ಅವನದೊಂದು ತರ್ಕ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಆ ವಾರ ಊರೂರಲ್ಲಿ ಹೋಂಸ್ಟೇ ತೆರೆಯುವ ಉತ್ಸಾಹ. ಉತ್ಸಾಹದಲ್ಲಿ ಹೆಸರು ಬರೆಸುವವರು ಒಂದೇ ವರ್ಷಕ್ಕೆ ಬರೆಸುತ್ತಾರೆ. ಮರುವರ್ಷ ಸೆಪ್ಟೆಂಬರಿಗೆ ಪ್ರವಾಸಿಗಳೂ ಬಂದಿರುವುದಿಲ್ಲ, ಉತ್ಸಾಹವೂ ಇರುವುದಿಲ್ಲ, ಹೆಸರು ಮಾತ್ರ ಗಡುವಿಗೆ ಬಂದಿರುತ್ತದೆ. ಹಾಗೆಂದು ಅವನ ಲೆಕ್ಕ. ಅದರ ಜೊತೆಗೆ ಕಾಗುಣಿತದ ಗೋಳು. ಇಂಗ್ಲಿಷಿನಲ್ಲಿ ಹಳೇಬೀಡನ್ನು ಡಿ-ಗೆ ನಿಲ್ಲಿಸುವವರು, ಯು ಸೇರಿಸುವವರು, ಎರಡು ಇ ಎಳೆಯುವವರು; ಅರಸೀಕೆರೆಯಲ್ಲಿ ನಡುವಿನ ಎ ಹಾಕುವವರು, ನುಂಗುವವರು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಊರು. ರೈಲ್ವೆಯವರು ಜಾಣರು, ಅರಸೀಕೆರೆಗೆ ಎ-ಎಸ್-ಕೆ ಎಂಬ ಮೂರಕ್ಷರ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಅದೇ ಮೂರಕ್ಷರದ ಡಾಟ್ ಕಾಮ್ ನಮ್ಮೂರಿಗೆ ಸಿಗುತ್ತದೇನೋ ನೋಡು ಎಂದರೆ ಅಳಿಯ ನನ್ನನ್ನು ಕರುಣೆಯಿಂದ ನೋಡಿದ. ಆಸ್ಕ್ ಎಂಬ ಹುಡುಕುವ ಕಂಪನಿ ಎಷ್ಟೋ ವರ್ಷದ ಹಿಂದೆಯೇ ಅದರಲ್ಲಿ ತಳ ಊರಿತ್ತಂತೆ. ಒಂದೇ ಅಕ್ಷರದ ಡಾಟ್ ಕಾಮ್‌ಗಳಂತೂ ಲೋಕಕ್ಕೆಲ್ಲ ಸೇರಿ ಮೂರು: ಕ್ಯು, ಎಕ್ಸ್, ಝಡ್. ಸೋಮನಾಥಪುರದಲ್ಲಿ ಕೆತ್ತಿದ ರೂವಾರಿ ಮಲ್ಲಿತಮ್ಮ ಕೆಲವು ಕಡೆ ಮಲ್ಲಿ ಎಂದು, ಕೆಲವು ಕಡೆ ಬರೀ ಮ ಎಂದು ರುಜು ಹಾಕಿದ್ದಾನೆ. ಆ ಕಾಲಕ್ಕೆ ಅದು ಕೈನೋವಿನ ಲಕ್ಷಣ. ಇವತ್ತಾಗಿದ್ದರೆ ಕೋಟಿಗಟ್ಟಲೆಯ ಆಸ್ತಿ.

ಎಲ್ಲ ಹೆಸರಿಗೂ ಅಳಿಯ ಕೈ ಹಾಕುವುದಿಲ್ಲ. ಊರು, ಹಣ್ಣು, ಹೂವು, ತಿಂಡಿಯ ಹೆಸರುಗಳಷ್ಟೇ ಅವನಿಗೆ ಪಥ್ಯ. ಇನ್ನೊಬ್ಬರ ವ್ಯಾಪಾರದ ಹೆಸರು ಮುಟ್ಟಿದರೆ ಕೋರ್ಟು. ಈ ಭಯ ಬೆಂಗಳೂರಿನಲ್ಲೇ ಹುಟ್ಟಿದ್ದು. ಸತ್ಯಂ ಇನ್ಫೋವೇ ಕಂಪನಿಗೆ ಸಿಫಿನೆಟ್ ಡಾಟ್ ಕಾಮ್ ಮುಂತಾದ ಹೆಸರುಗಳಿದ್ದವು. ಇನ್ನೊಂದು ಕಂಪನಿ ಒಂದು ಎಫ್ ಹೆಚ್ಚಿಗೆ ಸೇರಿಸಿ ತಾನೂ ಅಂಥದೇ ಹೆಸರು ಮಾಡಿಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ಬೇಡ ಎಂದಿತು, ಕರ್ನಾಟಕ ಹೈಕೋರ್ಟು ಆ ತಡೆಯನ್ನು ಕಿತ್ತುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ತಡೆ ಹಾಕಿತು. ಇಂಟರ್ನೆಟ್ಟಿನ ಹೆಸರಿಗೂ ಟ್ರೇಡ್‌ಮಾರ್ಕಿನಷ್ಟೇ ರಕ್ಷಣೆ ಉಂಟು ಎಂಬ ಮಾತು ನಮ್ಮ ದೇಶದಲ್ಲಿ ಗಟ್ಟಿಯಾಗಿ ನಿಂತದ್ದು ಅಲ್ಲಿಂದ. ಒಂದು ಎಫ್‌ಗಾಗಿ ಮೂರು ಕೋರ್ಟು! ಹಲ್ಮಿಡಿಯವರು ಒಂದು ಸಾಲಿನ ಶಾಪದಲ್ಲಿ ಮುಗಿಸಿದ್ದರು.

ಕಳೆದ ಮಳೆಗಾಲದಲ್ಲಿ ಬೇಲೂರಿಗೆ ಹೋಗುವ ಪ್ರಸಂಗ ಬಂತು. ಅಲ್ಲಿ ನನ್ನ ಷಡ್ಡಕರಿದ್ದಾರೆ, ಹೆಂಡತಿಯ ಅಕ್ಕನ ಗಂಡ. ತೋಟದ ಜೊತೆಗೆ ಒಂದು ಸಣ್ಣ ಲಾಡ್ಜು. ಲಾಡ್ಜಿಗೆ ವೆಬ್‌ಸೈಟು, ಅದರ ವಿಳಾಸ ಬೋರ್ಡಿನ ಮೇಲೆ, ಬಿಲ್ ಬುಕ್ಕಿನ ಮೇಲೆ, ಸೋಪಿನ ಪೊಟ್ಟಣದ ಮೇಲೆ. ಒಂದು ದಿನ ಫೋನು ಮಾಡಿ, "ನಮ್ಮ ವೆಬ್‌ಸೈಟ್ ತೆರೆದರೆ ಏನೇನೋ ಜಾಹೀರಾತು ಬರ್ತಿದೆ, ನಿಮ್ಮ ಅಳಿಯ ಇಂಥದ್ದೇ ಮಾಡೋದಂತಲ್ಲ, ಕರ್ಕೊಂಡು ಬನ್ನಿ" ಎಂದರು. ಇಂಥದ್ದೇ ಎಂಬ ಶಬ್ದವನ್ನು ಅಳಿಯನಿಗೆ ತಿಳಿಸಲಿಲ್ಲ.

ಬಾಣಾವರ, ಜಾವಗಲ್ ದಾರಿ ಹಿಡಿದು ಹೊರಟೆವು. ಎರಡೂ ಕಡೆ ತೆಂಗು, ಮಧ್ಯೆ ರಾಗಿ. ಜಾವಗಲ್ ಬಂದಾಗ ಶ್ರೀನಾಥ್ ಹೆಸರು ತೆಗೆಯದೆ ಮುಂದೆ ಹೋಗುವ ಹಾಗಿಲ್ಲ. ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಜಗತ್ತಿನ ಕ್ರಿಕೆಟ್ ಮೈದಾನಗಳಲ್ಲೆಲ್ಲ ಓಡಿದ ಮನುಷ್ಯ. ಹಳೇಬೀಡಿನಲ್ಲಿ ಕಾಫಿಗೆ ಇಳಿದಾಗ ಅಳಿಯ ಗುಡಿ ನೋಡಿ ಬರೋಣ ಎಂದ. ಹೊಯ್ಸಳೇಶ್ವರ ಗುಡಿಯನ್ನು ಮುಂದೆ ನಿಂತು ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ದೇವರಿಗೆ ಬಿದ್ದ ಹೆಸರು ದೊರೆಯದು, ಪಕ್ಕದ ದೇವರಿಗೆ ರಾಣಿ ಶಾಂತಲೆಯದು. ಓಡಾಡಿದವನ ಹೆಸರು ಶಾಸನ ಓದುವವರಿಗೆ ಮಾತ್ರ ಗೊತ್ತು. ರಾಜಧಾನಿಯ ದೋರಸಮುದ್ರ ಎಂಬ ಹೆಸರಾದರೂ ಉಳಿಯಿತೇ? 1311ರಲ್ಲಿ ಮಲಿಕ್ ಕಾಫೂರ್ ಬಂದ, ಆಮೇಲೆ ತುಘಲಕನ ದಂಡು ಬಂತು, ಮೂರನೆಯ ಬಲ್ಲಾಳ ತಿರುವಣ್ಣಾಮಲೆಯ ಕಡೆ ಹೊರಟುಹೋದ. ಹೆಸರನ್ನು ನವೀಕರಿಸುವವರು ಊರಿನಲ್ಲಿ ಯಾರೂ ಉಳಿಯಲಿಲ್ಲ. ಅಳಿಯ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ. ದೋರಸಮುದ್ರ ಎಂಬ ಹೆಸರು ಖಾಲಿ ಇದೆಯೇ ಎಂದು ನೋಡುತ್ತಿದ್ದಾನೆಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಕನ್ನಡದಲ್ಲೇ ಬರೆಸಬಹುದು ಮಾವ, ಡಾಟ್ ಭಾರತ ಅಂತ ಇದೆ" ಎಂದ. ಇದೆ, ಕನ್ನಡ ಲಿಪಿಯಲ್ಲೇ ಇದೆ. ಆದರೆ ಯಂತ್ರಕ್ಕೆ ಕನ್ನಡ ಬಾರದು. ಒಳಗೆ ಹೋಗುವಾಗ ನಮ್ಮ ಭಾರತ ಎಂಬುದು ಎಕ್ಸ್-ಎನ್, ಎರಡು ಅಡ್ಡಗೆರೆ, ಎರಡು, ಎಸ್-ಸಿ-ಆರ್-ಜೆ, ಒಂಬತ್ತು, ಸಿ ಎಂದಾಗಿ ಹೋಗುತ್ತದೆ. ಬೇಲೂರಿನ ಶಾಸನಗಳನ್ನು ಓದಿದ ಪಂಡಿತರಿಗೂ ಈ ಲಿಪಿ ದಕ್ಕುವುದಿಲ್ಲ.

ಷಡ್ಡಕರ ಲಾಡ್ಜು ತಲುಪಿ ಕಾಫಿ, ಅಕ್ಕಿರೊಟ್ಟಿ ಎಲ್ಲ ಆದ ಮೇಲೆ ತನಿಖೆ ಶುರುವಾಯಿತು. ಅಳಿಯ ಕಡತ ನೋಡಿ, "ರಿಡೆಂಪ್ಷನ್‌ನಲ್ಲಿದೆ ಬೇಲೂರು ಮಾವ, ಇನ್ನೂ ಸತ್ತಿಲ್ಲ" ಎಂದ.

"ಅಲ್ಲಯ್ಯ, ಒಂದು ಮಾತು ಹೇಳಬೇಕಲ್ವಾ ಅವರು? ಕರೆಂಟಿನವರೂ ಬಿಲ್ ಕೊಟ್ಟೇ ಫ್ಯೂಸ್ ಕೀಳೋದು."

ಹೇಳಿರುತ್ತಾರೆ, ಅದೇ ಇಲ್ಲಿನ ಸ್ವಾರಸ್ಯ. ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಒಂದು, ಮುಗಿದ ಐದು ದಿನದೊಳಗೆ ಮತ್ತೊಂದು ಪತ್ರ ಕಳಿಸಲೇಬೇಕೆಂದು ಈ ಹೆಸರುಗಳ ಲೋಕವನ್ನಾಳುವ ಐಕ್ಯಾನ್ ಸಂಸ್ಥೆಯ ನಿಯಮವಿದೆ. ಪತ್ರ ಹೋಗುವುದು ಇ-ಮೇಲಿಗೆ. ಯಾರ ಇ-ಮೇಲಿಗೆ? ಹೆಸರು ಬರೆಸಿದಾಗ ಯಾರದು ಕೊಟ್ಟಿದ್ದರೋ ಅವರದಕ್ಕೆ. ಷಡ್ಡಕರು ತಲೆ ಕೆರೆದುಕೊಂಡರು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಇಟ್ಟುಕೊಂಡಿದ್ದ ಒಬ್ಬ ಹುಡುಗ ಎಲ್ಲ ಮಾಡಿಕೊಟ್ಟಿದ್ದ, ಒಳ್ಳೆಯ ಹುಡುಗ, ದುಡ್ಡೂ ಕಡಿಮೆ ತೆಗೆದುಕೊಂಡಿದ್ದ, ಈಗ ಅಂಗಡಿ ಇಲ್ಲ. ಬೋರ್ಡು ಷಡ್ಡಕರದು, ಬಿಲ್ ಬುಕ್ಕು ಷಡ್ಡಕರದು, ಸೋಪು ಷಡ್ಡಕರದು. ಹೆಸರು ಮಾತ್ರ ಕಾನೂನು ಪ್ರಕಾರ ಆ ಹುಡುಗನ ಖಾತೆಯಲ್ಲಿ.

ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಸಂಘ, ಶಾಲೆ, ಕಲ್ಯಾಣ ಮಂಟಪ, ಜಾತ್ರಾ ಸಮಿತಿಗಳ ಹೆಸರು ಹೀಗೆ ಊರು ಬಿಟ್ಟ ಹುಡುಗರ ಇ-ಮೇಲಿನಲ್ಲಿ ನೇತಾಡುತ್ತಿವೆಯೋ! ಅಳಿಯನಂಥವರ ಮೇಲಿದ್ದ ನನ್ನ ಸಿಟ್ಟು ಅವತ್ತು ಅರ್ಧ ಇಳಿಯಿತು. ಶಾಸನವನ್ನು ಗುಡಿಯ ಬಾಗಿಲಲ್ಲಿ ನೆಟ್ಟಾಗ ಹೋಗುವ ಬರುವ ಊರಿನವರಿಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ದಾನಿ ಸತ್ತರೂ ಗಡಿ ನೆನಪಿಸುವ ಹತ್ತು ಬಾಯಿಗಳಿದ್ದವು. ಇಲ್ಲಿಯೂ ಗಡುವಿನ ತಾರೀಖು ಬಯಲಿನಲ್ಲೇ ಇದೆ. ಅದನ್ನು ನಮ್ಮೂರಿನಲ್ಲಿ ಒಬ್ಬರೂ ನೋಡುವುದಿಲ್ಲ, ಎಲ್ಲಿಯೋ ಕೂತ ಪರದೇಶಿಗಳು ದಿನಾ ನೋಡುತ್ತಾರೆ. ಬಿದ್ದ ಹೆಸರನ್ನು ಹಿಡಿದವರು ಅದರ ಹಳೆಯ ಕೀರ್ತಿಯ ಮೇಲೆ ಜೂಜಿನ ಅಂಗಡಿ ತೆರೆಯುತ್ತಾರೆ. ಅಷ್ಟೇ ಆದರೆ ಸಹಿಸಬಹುದು. ಆ ಹೆಸರಿನ ಇ-ಮೇಲ್ ವಿಳಾಸಗಳಿಗೆ ಬರುವ ಪತ್ರಗಳೂ ಹೊಸಬನ ಪೆಟ್ಟಿಗೆಗೇ ಬೀಳುತ್ತವೆ, ಪಾಸ್‌ವರ್ಡ್ ಬದಲಿಸುವ ಕೊಂಡಿಗಳ ಸಮೇತ.

ದೊಡ್ಡ ಊರಿನವರೂ ಮರೆವಿಗೆ ಹೊರತಲ್ಲ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಕಾಣೆಯಾಗಿದ್ದವೆಂದು ಅಮೆರಿಕದ ಪ್ಯೂ ಸಂಸ್ಥೆ 2024ರಲ್ಲಿ ಎಣಿಸಿ ಹೇಳಿತು. ಕನ್ನಡದಲ್ಲಿ 1996ರಲ್ಲೇ ಪವನಜ ಅವರು ವಿಶ್ವಕನ್ನಡ ಶುರುಮಾಡಿದ್ದರು. ಅದರ ಹಿಂದೆ ಬಂದ ಎಷ್ಟೋ ಪತ್ರಿಕೆ, ಚರ್ಚೆಯ ಕಟ್ಟೆಗಳ ವಿಳಾಸ ಹಳೆಯ ಪುಸ್ತಕಗಳ ಬೆನ್ನುಪುಟದಲ್ಲಿವೆ. ಒತ್ತಿದರೆ ಯಾರೋ ಚೀನೀ ಭಾಷೆಯಲ್ಲಿ ಸ್ವಾಗತ ಕೋರುತ್ತಾರೆ.

ಹುಡುಗ ಪುಣೆಯಲ್ಲಿ ಸಿಕ್ಕಿದ. ಷಡ್ಡಕರ ನೆಂಟರ ನೆಂಟರ ಮೂಲಕ ನಂಬರು ಹಿಡಿದದ್ದು. ಬೇಲೂರಿನಲ್ಲಿ ಯಾವ ಆರ್‌ಡ್ಯಾಪ್ ಕಡತವೂ ಈ ಜಾಲಕ್ಕೆ ಸಮವಲ್ಲ. "ಅಯ್ಯೋ ಅಂಕಲ್, ಆ ಇ-ಮೇಲ್ ನಾನು ತೆಗೆದೇ ನೋಡಲ್ಲ ಈಗ" ಎಂದು ನಿಜವಾಗಿ ನೊಂದುಕೊಂಡ. ಪಾಸ್‌ವರ್ಡ್ ನೆನಪಿಸಿಕೊಳ್ಳಲು ಅರ್ಧ ದಿನ ಬೇಕಾಯಿತು, ಅಷ್ಟರಲ್ಲಿ ನಮಗೆ ಚನ್ನಕೇಶವನ ದರ್ಶನವೂ ಆಯಿತು. ಬಾಡಿಗೆಯ ಹತ್ತು ಪಟ್ಟಿನ ಹತ್ತಿರ ದಂಡ. ಷಡ್ಡಕರು ಅಡಿಕೆ ವ್ಯಾಪಾರಿಯ ಹತ್ತಿರ ಚೌಕಾಸಿ ಮಾಡುವ ಉಮೇದಿನಲ್ಲಿ ಪರದೆಯ ಮುಂದೆ ಕೂತರು. ಪರದೆ ಒಂದು ಪೈಸೆ ಬಿಡಲಿಲ್ಲ.

ಹಣ ಕಟ್ಟಿ, ಹೆಸರು ಅವರ ಖಾತೆಗೆ ಬಂದಮೇಲೆ ಎಷ್ಟು ವರ್ಷ ಎಂದು ಕೇಳುವ ಪುಟ ಬಂತು. "ಸ್ಕೂಟರಿಗೆ ಕಟ್ಟಿದ ಹಾಗೆ ಲೈಫ್ ಟ್ಯಾಕ್ಸ್ ಇಲ್ವಾ?" ಎಂದರು ಷಡ್ಡಕರು. ಇಲ್ಲ. ಹತ್ತಕ್ಕೆ ಒತ್ತಿದರು. ಆಮೇಲೆ ಇ-ಮೇಲ್ ಯಾರದು ಎಂಬ ಪ್ರಶ್ನೆ. ಅವರದಿಲ್ಲ. ಮಗ ದುಬೈಯಲ್ಲಿ, ಅವನು ಅಪ್ಪನ ಫೋನನ್ನೇ ಎತ್ತುವುದಿಲ್ಲ. ಕಾರ್ಡಿನಲ್ಲಿ ಬರೆದು ಹಾಕಲಿ, ಬೇಲೂರು ಪೋಸ್ಟ್‌ಮನ್ ನನಗೆ ಗೊತ್ತು ಎಂದರು. ಕೊನೆಗೆ ಅಡುಗೆಮನೆಯಿಂದ ಸೊಸೆ ಬಂದು ತನ್ನದು ಕೊಟ್ಟಳು. ಹಾಗಾಗಿ ಈಗ ಆ ಲಾಡ್ಜಿನ ಹೆಸರಿನ ಯಜಮಾನ್ತಿ ಯಾರು ಎಂಬುದು ಅವಳಿಗೆ ಗೊತ್ತು, ಷಡ್ಡಕರಿಗೆ ಯಾರೂ ಹೇಳಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಅಳಿಯನನ್ನು ಕೇಳಿದೆ, "ಬೇಲೂರು ಮಾವನ ಹೆಸರು ನಿನ್ನ ಪಟ್ಟಿಯಲ್ಲಿತ್ತೇನೋ?"

"ಎರಡು ವರ್ಷದಿಂದ ಇದೆ ಮಾವ."

"ಈಗ ತೆಗೆದೆ ತಾನೆ?"

"ತಾರೀಖು ತಿದ್ದಿದೀನಿ" ಎಂದ.